ಗಟ್ಟಿಯಾದದ್ದು ಯಾವ ಕೀಡೆ?

ಸೇಡಂ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ತೊಗರಿ ಹೂವಾಡಿ ಕಾಯಿ ಕಟ್ಟುವ ಹೊತ್ತಿಗೆ ಅವ್ವ ತಪ್ಪದೆ ಆಡುತ್ತಿದ್ದ ಮಾತೊಂದಿದೆ: “ಎಣ್ಣಿ ಹೊಡ್ದು ಹೊಡ್ದು ಕೀಡಿ ಗಟ್ಟಿ ಆಗ್ಯಾವ.” ಎಣ್ಣಿ ಎಂದರೆ ನಮ್ಮ ಕಡೆ ಕೀಟನಾಶಕ, ಕೀಡಿ ಎಂದರೆ ಹುಳು. ಮಾತು ನಿಜ. ಆದರೆ ಗಟ್ಟಿಯಾದದ್ದು ಯಾವ ಕೀಡೆ ಎಂಬುದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಔಷಧ ಬಿದ್ದ ಕೀಡೆ ಅದನ್ನು ರೂಢಿ ಮಾಡಿಕೊಂಡು ಬಲಿಯುವುದಿಲ್ಲ. ತೊಗರಿಯ ಕಾಯಿ ಕೊರೆಯುವ ಈ ಕೀಡೆಗೆ ಹಸಿರು ಕಾಯಿಕೊರಕ ಎನ್ನುತ್ತಾರೆ; ಅದರ ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ. ಆ ಮರಿಗಳಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ವಿಷವನ್ನು ಮೈಯೊಳಗೇ ಒಡೆದುಹಾಕುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಎಣ್ಣೆ ಹೊಡೆದ ದಿನ ಮಿಕ್ಕವು ಸತ್ತು ಇವು ಉಳಿಯುತ್ತವೆ, ಸುಮಾರು ಒಂದು ತಿಂಗಳಲ್ಲಿ ಬರುವ ಮುಂದಿನ ಪೀಳಿಗೆ ಹೆಚ್ಚಾಗಿ ಇವುಗಳದೇ ಆಗಿರುತ್ತದೆ. ಬಿತ್ತನೆಗೆಂದು ಒಳ್ಳೆಯ ಜೋಳದ ತೆನೆಗಳನ್ನು ಆರಿಸಿ ಇಡುತ್ತೇವಲ್ಲ, ಹಾಗೆಯೇ ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದು ಈ ಹುಳುಗಳನ್ನೂ ನಾವೇ ಆರಿಸಿ ಬೆಳೆಸಿದ್ದೇವೆ. 1980ರ ದಶಕದ ಕೊನೆಗಾಗಲೇ ನಮ್ಮ ದೇಶದಲ್ಲಿ ಈ ಕಾಯಿಕೊರಕ ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಬಗೆಯ ಔಷಧಗಳಿಗೆ ಬಗ್ಗದಂತಾಗಿತ್ತು.

ತೊಗರಿಯ ರೀತಿ ಬೇರೆ. ಅದು ಬದಲಾಗುವುದು ತನ್ನ ಒಂದೇ ಆಯುಷ್ಯದೊಳಗೆ. ಮೊದಲ ಹೂವು ಮೋಡಕ್ಕೆ ಉದುರಿದರೂ ಹುಳುವಿನ ಪಾಲಾದರೂ, ಎರೆ ಮಣ್ಣಿನ ಆಳದಲ್ಲಿ ಹಸಿ ಇದ್ದರೆ ಬೇರು ಅದನ್ನು ಹೀರಿ ಗಿಡ ಮತ್ತೊಮ್ಮೆ ಹೂವಾಡುತ್ತದೆ. ಬೆಳೆ ಹೋಯಿತೆಂದು ಅಪ್ಪ ಕೈಚೆಲ್ಲಿ ಕುಳಿತಿದ್ದ ವರ್ಷವೊಂದರಲ್ಲಿ ಈ ಎರಡನೆಯ ಹೂವೇ ನಮ್ಮ ಮನೆಯನ್ನು ನಡೆಸಿತು.

ನಾಲ್ಕು ಸಲ ಎಣ್ಣೆ ಹೊಡೆದರೂ ಹುಳು ಸಾಯದ ಇನ್ನೊಂದು ವರ್ಷ ಅಪ್ಪ ಪಂಪನ್ನು ಕೆಳಗಿಟ್ಟು, ಕಲಬುರಗಿ ಸೀಮೆಯ ರೈತರು ಬಲ್ಲ ಹಳೆಯ ಉಪಾಯಕ್ಕೆ ಮರಳಿದ. ಸಾಲಿನ ನಡುವೆ ಅವ್ವನ ಹಳೆಯ ಸೀರೆ ಹಾಸಿ, ಗಿಡವನ್ನು ಮೆಲ್ಲಗೆ ಬಾಗಿಸಿ ಜಾಡಿಸಿದರೆ ಹಸಿರು, ಕಂದು, ಗುಲಾಬಿ ಬಣ್ಣದ ಕೀಡೆಗಳು ಪಟಪಟನೆ ಬಿದ್ದು, ಬಿದ್ದಲ್ಲೇ ಸುರುಳಿ ಸುತ್ತಿಕೊಳ್ಳುತ್ತಿದ್ದವು. ನಾನು ಅವನ್ನು ಬಕೀಟಿಗೆ ತುಂಬಿ ಕೋಳಿಗಳ ಮುಂದೆ ಸುರಿಯುತ್ತಿದ್ದೆ. ದೊಡ್ಡ ಹೊಲಕ್ಕೆ ಇದು ಬಹಳ ಆಳು ಬೇಡುವ ಕೆಲಸ, ಅದನ್ನು ಮುಚ್ಚಿಡಲಾರೆ. ಆದರೂ ವಿಷಕ್ಕೆ ಬಗ್ಗುವ ಹುಳು, ಬಗ್ಗದ ಹುಳು ಎಂಬ ಭೇದ ಆ ಸೀರೆಗೆ ಇರಲಿಲ್ಲ. ಹೂವಿನೊಳಗೆ ಅಡಗಿದ ಸಣ್ಣ ಮರಿಗಳು ಮಾತ್ರ ಉದುರುತ್ತಿರಲಿಲ್ಲ. ಅವು ಬೆಳೆಯಲೆಂದು ನಾಲ್ಕೈದು ದಿನ ಕಾದು, ಮತ್ತೆ ಅದೇ ಸೀರೆ ಹಿಡಿದು ಹೊಲಕ್ಕೆ ಇಳಿಯುತ್ತಿದ್ದೆವು.