ಗರಗಸ, ಐಶ್ವರ್ಯ ಮತ್ತು ಒಂದು ಡಬ್ಬ ಕನ್ನಡಕ

ಹೋದ ಭಾನುವಾರ ನಮ್ಮ ಸಂಸ್ಥೆಯ ಬೀರು ಖಾಲಿ ಮಾಡಿದೆವು. ಸ್ಲೇಟು 41, ಅದರಲ್ಲಿ ಚೌಕಟ್ಟು ಬಿಟ್ಟಿದ್ದು 9. ಬಳಪದ ಡಬ್ಬ 3. ಸೋಲಾರ್ ಲಾಟೀನು 2, ಎರಡೂ ಉರಿಯಲ್ಲ. ಹಾಜರಿ ಪುಸ್ತಕ ಒಂದು ಗೋಣಿಚೀಲ ತುಂಬ. ನಾನು ಖಜಾಂಚಿ, ಹಾಗಾಗಿ ಪಟ್ಟಿ ಬರೆಯುವ ಕೆಲಸ ನನ್ನದು. ನಾವು ಬೇಲೂರಿನವರ ಜೊತೆ ಒಂದಾಗುತ್ತಿದ್ದೇವಲ್ಲ, ಅದಕ್ಕೆ.

ಹಾಸನದ ನಮ್ಮದೊಂದು, ಬೇಲೂರಿನ ಅವರದೊಂದು. ಎರಡೂ ದೊಡ್ಡವರಿಗೆ ಓದು ಬರಹ ಕಲಿಸುವ ಪುಟ್ಟ ಸಂಸ್ಥೆಗಳು. ಹೊಸ ಹೆಸರು ಇನ್ನೂ ನೋಂದಣಿ ಆಗಿಲ್ಲ. ಹಳೆಯ ಹೆಸರು ಬರೆದರೆ ಯಾವುದು ಮೊದಲು ಅಂತ ಮತ್ತೆ ಜಗಳ. ಸುಮ್ನೆ 'ನಾವು', 'ಅವರು' ಅಂದುಬಿಡುತ್ತೇನೆ.

ಒಂದಾಗುವುದು ನನಗೆ ಇಷ್ಟವಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ಒಂದಾಗುವುದಕ್ಕೆ ಕಾರಣವೇನೋ ಗಟ್ಟಿಯಾಗಿಯೇ ಇತ್ತು. 2009ರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೇಂದ್ರ ಸರ್ಕಾರದ ಸಾಕ್ಷರ ಭಾರತ ಯೋಜನೆ ಶುರುವಾದಾಗ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ ಇತ್ತು, ಅಲ್ಲಿನ ಪ್ರೇರಕರಿಗೆ ತಿಂಗಳಿಗೆ 2000 ರೂಪಾಯಿ ಗೌರವಧನ. ನಮ್ಮ ಹುಡುಗಿಯರು ಕೆಲವರು, ಅವರ ಕಡೆ ಕೆಲವರು ಅದರಲ್ಲಿದ್ದರು. 2018ರ ಮಾರ್ಚಿಗೆ ಅದು ನಿಂತಿತು. ಹುಡುಗಿಯರು ಗಾರ್ಮೆಂಟ್ಸಿಗೆ ಹೋದರು. ಉಳಿದಿದ್ದು ನನ್ನಂಥ ಪಿಂಚಣಿ ಗಿರಾಕಿಗಳು. ಆಮೇಲೆ 2021ರಿಂದ ಇನ್‌ಕಮ್ ಟ್ಯಾಕ್ಸಿನ 12ಎ, 80ಜಿ ನೋಂದಣಿಗೆ (ಸಂಸ್ಥೆಗೂ ದಾನ ಕೊಟ್ಟವರಿಗೂ ತೆರಿಗೆ ವಿನಾಯಿತಿ ಕೊಡಿಸುವಂಥವು) ಅವಧಿ ಬಂತು, ಒಮ್ಮೆ ಮಾಡಿಸಿ ಮರೆಯುವಂತಿಲ್ಲ. ಇಬ್ಬರು ಆಡಿಟರು, ಎರಡು ಖಾತೆ, ಎರಡು ಸೀಲು. ಕಲಿಸುವುದಕ್ಕಿಂತ ಕಾಗದಕ್ಕೆ ಜಾಸ್ತಿ ದುಡ್ಡು ಹೋಗುತ್ತಿತ್ತು. ಒಂದೇ ಸಂಸ್ಥೆ ಮಾಡಿದರೆ ಅರ್ಧ ಉಳಿಯುತ್ತೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ಆದರೆ ನನ್ನ ತಕರಾರು ದುಡ್ಡಿಂದಲ್ಲ. ಅವರು ಕಲಿಸುವ ರೀತಿ ನನಗೆ ಹಿಡಿಸುತ್ತಿರಲಿಲ್ಲ.

ನಾನು ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬೋರ್ಡು ಎದುರಿಗೇ ಇದ್ದರೂ 'ಇದು ಎಲ್ಲಿಗೆ ಹೋಗುತ್ತಪ್ಪಾ' ಅಂತ ದಿನಕ್ಕೆ ನೂರು ಜನ ಕೇಳುತ್ತಿದ್ದರು. ಬೈದಿದ್ದೇನೆ, ಸುಳ್ಳು ಯಾಕೆ ಹೇಳಲಿ. ರಿಟೈರ್ ಆದಮೇಲೆ ಈ ಕೆಲಸಕ್ಕೆ ಸೇರಿದ್ದಕ್ಕೆ ಆ ಬೈಗುಳವೂ ಒಂದು ಕಾರಣ ಇರಬಹುದು.

ನಮ್ಮ ಕಡೆ 'ರ ಗ ಸ ದ ಅ' ಇಂದ ಶುರು. ಸ್ಕೂಲಿನ ನಲಿ-ಕಲಿಯಲ್ಲಿ ಮಕ್ಕಳಿಗೆ ಇದೇ ಕ್ರಮ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ್ದು ಅದು. ಅ ಆ ಇ ಈ ಅಂತ ಹೊರಟರೆ 'ಋ' ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ಈ ಐದು ಅಕ್ಷರ ಕಲಿತರೆ ಅದೇ ದಿನ ಸರ, ಅರಸ, ದರ, ಗರಗಸ ಬರೆಯಬಹುದು. ಗಾರೆ ಕೆಲಸದ ಹೆಂಗಸೊಬ್ಬರು 'ಗರಗಸ' ಬರೆದು, ಸ್ಲೇಟು ತಿರುಗಿಸಿ ತಿರುಗಿಸಿ ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೇಲೂರಿನವರು ಹಾಗಲ್ಲ. ಅಲ್ಲಿನ ಟೀಚರಮ್ಮ ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ: 'ನಿಮಗೆ ಯಾರ ಹೆಸರು ಬರೀಬೇಕು?' ಯಾರೂ ತಮ್ಮ ಹೆಸರು ಹೇಳಲ್ಲ. ಸಂಘದ ಸಾಲಕ್ಕೆ ಅಂತ ರುಜು ಹಾಕುವುದನ್ನು ಕಲಿತಿರುತ್ತಾರೆ, ರಂಗೋಲಿ ಬಿಟ್ಟ ಹಾಗೆ. ಎಲ್ಲರೂ ಹೇಳುವುದು ಮಗಳ ಹೆಸರು, ಮೊಮ್ಮಗಳ ಹೆಸರು. ಈಗಿನ ಮಕ್ಕಳ ಹೆಸರೋ, ದೇವರೇ ಗತಿ. ನಾನು ನೋಡಲು ಹೋದ ದಿನ ಅರೇಹಳ್ಳಿ ಕಡೆಯ ಎಸ್ಟೇಟಿನ ಒಬ್ಬರು 'ಐಶ್ವರ್ಯ' ಅಂದರು. ಮೊದಲ ದಿನವೇ ಐ, ಶಕಾರಕ್ಕೆ ವ ಒತ್ತು, ಮೇಲೆ ಅರ್ಕಾವತ್ತು! ಇದೇನು ಕಲಿಸುವುದಾ, ಹಿಂಸೆಯಾ ಅಂತ ಅಲ್ಲೇ ಅಂದೆ.

ಟೀಚರಮ್ಮ ನಕ್ಕರು. 'ಅಣ್ಣ, ಆಯಮ್ಮ ಮನೆಗೆ ಹೋಗಿ ಗರಗಸ ಯಾರಿಗೆ ತೋರಿಸ್ತಾರೆ?'

ಆಯಮ್ಮ ಐಶ್ವರ್ಯ ಬರೆದರು, ಅದೂ ನಿಜ. ಒಂದು ವಾರ ಹಿಡಿಯಿತು. ಆದರೆ ಅದೇ 'ರ' ತೋರಿಸಿ ಇದೇನು ಅಂದರೆ ಗೊತ್ತಿಲ್ಲ. ಅರ್ಕಾವತ್ತು ಬರುತ್ತೆ, ರ ಬರಲ್ಲ! ಇದನ್ನು ನಾನು ಎರಡು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೆ.

ಆಮೇಲೆ ಅರಸೀಕೆರೆ ಪ್ರಸಂಗ ಆಯಿತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರು ಒಬ್ಬೊಬ್ಬರೇ ಓಡಾಡುವುದು ಜಾಸ್ತಿಯಾಗಿದೆ, ಬೋರ್ಡು ಓದಬೇಕು ಅಂತ ಕ್ಲಾಸಿಗೆ ಬರುವವರೂ ಇದ್ದಾರೆ. ನಮ್ಮಲ್ಲಿ ಕಲಿಯುತ್ತಿದ್ದ ಒಬ್ಬರು ಅರಸೀಕೆರೆಯ ಮಗಳ ಮನೆಗೆ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳಲಿಲ್ಲ. ಬೋರ್ಡಿನಲ್ಲಿ 'ಅ' ಕಂಡಿತು, 'ರ' ಕಂಡಿತು, ಹತ್ತಿಬಿಟ್ಟರು. ಅದು ಅರಕಲಗೂಡಿನ ಬಸ್ಸು. ಒಂದು ಊರು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ರಶ್ಶಿನಲ್ಲಿ ಕಂಡಕ್ಟರ್ ಹತ್ತಿರ ಬರುವಷ್ಟರಲ್ಲಿ ಬಸ್ಸು ಹಾಸನ ದಾಟಿತ್ತು. ನಡುದಾರಿಯಲ್ಲಿ ಇಳಿದು, ಬಿಸಿಲಲ್ಲಿ ನಿಂತು, ಸಂಜೆ ವಾಪಸ್ ಬಂದರು. ಬಂದವರು ನನಗೆ ಬೈಯಲಿಲ್ಲ. 'ಇನ್ನೊಂದು ಅಕ್ಷರ ಓದಬೇಕಿತ್ತು ಮೇಷ್ಟ್ರೇ' ಅಂದರು. ಬೇಲೂರಿಗೆ ಸುದ್ದಿ ಮುಟ್ಟುವುದಕ್ಕೆ ಎಷ್ಟು ಹೊತ್ತು? 'ಅಣ್ಣ, ನಿಮ್ಮ ಗರಗಸ ಅರಕಲಗೂಡಿಗೆ ಹೋಯ್ತಂತೆ' ಅಂತ ಫೋನು.

ಆ ಹೊತ್ತಿಗೆ ನನ್ನ ಮಗಳು ಅಮೆರಿಕದ ಒಂದು ಕಥೆ ಹುಡುಕಿ ಹೇಳಿದಳು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಅನ್ನೋ ಊರಿನಲ್ಲಿ ಇಂಥದ್ದೇ ಎರಡು ಸಂಸ್ಥೆ ಇದ್ದವಂತೆ. ಒಂದು ಫ್ರಾಂಕ್ ಲಾಬಾಕ್ ಎಂಬ ಪಾದ್ರಿಯದು, 1955ರದ್ದು. ಅವರು ಫಿಲಿಪೈನ್ಸಿನಲ್ಲಿ 'ಒಬ್ಬೊಬ್ಬರೂ ಒಬ್ಬೊಬ್ಬರಿಗೆ ಕಲಿಸಿ' ಅಂತ ಶುರು ಮಾಡಿದವರು. ಅವರದು ಚಿತ್ರ, ಅಕ್ಷರ, ಸದ್ದು ಜೋಡಿಸುವ ದಾರಿ, ಅಂದರೆ ನಮ್ಮ ಜಾತಿ. ಇನ್ನೊಂದು ರೂತ್ ಕಾಲ್ವಿನ್ ಎಂಬ ಗೃಹಿಣಿ 1962ರಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಹಾಕಿದ್ದು. ಅಲ್ಲಿ ಕಲಿಯುವವರ ಬಾಯಿಂದ ಬಂದ ಮಾತನ್ನೇ ಬರೆದು ಓದಿಸುವುದೂ ಇತ್ತು. ಅದು ಟೀಚರಮ್ಮನ ಜಾತಿ. ಒಂದೇ ಊರಿನಲ್ಲಿದ್ದೂ ನಲವತ್ತು ವರ್ಷ ಬೇರೆ ಬೇರೆ ಇದ್ದು, 2002ರಲ್ಲಿ ಒಂದಾಗಿ ಪ್ರೋಲಿಟರಸಿ ಅಂತ ಹೆಸರಿಟ್ಟುಕೊಂಡರು. ಆಗ ಆ ಅಜ್ಜಿಗೆ 85. ಆಮೇಲೂ 2024ರವರೆಗೆ, 107 ವರ್ಷ ಬದುಕಿದರು. ಬೇಲೂರು ಹಾಸನಕ್ಕೆ ಒಂದು ಗಂಟೆ ದಾರಿ. ಒಂದೇ ಊರಿನವರಿಗೇ ನಲವತ್ತು ವರ್ಷ ಹಿಡಿದಿರಬೇಕಾದರೆ ನಮ್ಮದೇನು ಮಹಾ ಅಂತ ಅನ್ನಿಸಿತು.

ಠರಾವು ಪಾಸಾಯಿತು. ಎರಡೂ ಕಡೆ ವಿಶೇಷ ಸರ್ವಸದಸ್ಯರ ಸಭೆ, ನಡಾವಳಿ, ಸಹಿ, ಕಾಫಿ. ಆ ಭಾಗ ಬೇಗ ಮುಗಿಯಿತು. ಯಾವ ತಿಂಗಳು ರಜೆ ಅನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಹಳ್ಳಿಗಳಲ್ಲಿ ಮೇ, ಜೂನಿನಲ್ಲಿ ಆಲೂಗಡ್ಡೆ ಹಾಕುವ ಕಾಲ, ಆಮೇಲೆ ನವೆಂಬರ್ ಡಿಸೆಂಬರಿಗೆ ರಾಗಿ ಕೊಯ್ಲು. ಅವರ ಎಸ್ಟೇಟುಗಳಲ್ಲಿ ಡಿಸೆಂಬರಿಂದ ಮೂರು ತಿಂಗಳು ಕಾಫಿ ಹಣ್ಣು ಕೊಯ್ಲು, ಆಗ ಒಬ್ಬರೂ ಬರಲ್ಲ. ಕೊನೆಗೆ ಅವರವರ ರಜೆ ಅವರವರಿಗೆ ಅಂತ ಬಿಟ್ಟೆವು. ಒಂದೇ ಸಂಸ್ಥೆ, ಎರಡು ಕ್ಯಾಲೆಂಡರು.

ಮೊದಲ ಜಂಟಿ ಕ್ಲಾಸು ನಮ್ಮಲ್ಲಿ. ಟೀಚರಮ್ಮ ಬಂದರು, ಕೈಯಲ್ಲಿ ಬಿಸ್ಕತ್ತಿನ ಹಳೇ ಡಬ್ಬ. ತಿಂಡಿ ತಂದಿದ್ದಾರೆ ಅಂದುಕೊಂಡೆ.

ನಮ್ಮಲ್ಲಿ ಒಬ್ಬರು ಹೂವಿನಮ್ಮ ಇದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವರು. ನನ್ನ ಕಂಡಕ್ಟರ್ ಕಾಲದಿಂದ ಪರಿಚಯ. ಮೂರು ವರ್ಷದಿಂದ ಬರುತ್ತಾರೆ, 'ವ'ಗೂ 'ಮ'ಗೂ ವ್ಯತ್ಯಾಸ ಹತ್ತಲಿಲ್ಲ. ಮರ ಅಂದರೆ ವರ, ವರ ಅಂದರೆ ಮರ. ಆಯಮ್ಮನಿಗೆ ತಲೆಗೆ ಹೋಗಲ್ಲ ಬಿಡಿ ಅಂತ ನಾನೇ ಟೀಚರಮ್ಮನಿಗೆ ಮೆತ್ತಗೆ ಹೇಳಿದೆ. ಟೀಚರಮ್ಮ ಹೋಗಿ ಪಕ್ಕದಲ್ಲಿ ಕೂತರು. ಸ್ಲೇಟು ಮುಟ್ಟಲಿಲ್ಲ.

'ಅಮ್ಮಾ, ಮನೇಲಿ ಸೂಜಿಗೆ ದಾರ ಯಾರು ಪೋಣಿಸಿಕೊಡ್ತಾರೆ?'

'ಮೊಮ್ಮಗಳು.'

'ಅಕ್ಕಿ ಆರಿಸೋದು?'

'ಅವಳೇ.'

'ಹೂವು?'

'ಹೂ ಕಟ್ಟಕ್ಕೆ ಕಣ್ಣು ಯಾಕವ್ವ, ಬೆರಳು ಸಾಕು.'

ಟೀಚರಮ್ಮ ಡಬ್ಬ ತೆಗೆದರು. ತುಂಬ ಕನ್ನಡಕ. ಒಂದೂವರೆ, ಎರಡು, ಎರಡೂವರೆ ಪವರಿನವು, ರಬ್ಬರ್ ಬ್ಯಾಂಡ್ ಹಾಕಿ ಬೇರೆ ಬೇರೆ ಕಟ್ಟಿದ್ದರು. ಮೊದಲನೆಯದು ಹಾಕಿದಾಗ ಹೂವಿನಮ್ಮ ತಲೆ ಆಡಿಸಿದರು. ಎರಡನೆಯದಕ್ಕೆ ಸ್ಲೇಟನ್ನು ದೂರದಿಂದ ಹತ್ತಿರಕ್ಕೆ ತಂದರು. ಬೆರಳಿಟ್ಟು ಅಕ್ಷರದ ಮೇಲೆ ಒಂದು ಸುತ್ತು ಎಳೆದರು. ಆಮೇಲೆ ನನ್ನ ಕಡೆ ತಿರುಗಿದರು.

'ಇದಕ್ಕೆ ಬಾಲ ಐತಲ್ಲ ಮೇಷ್ಟ್ರೇ. ಮೊದಲೇ ಹೇಳಬಾರದಿತ್ತಾ?'

ಮೂರು ವರ್ಷ. ನನಗೇ ನಲವತ್ತೆರಡಕ್ಕೆ ಚಾಳೀಸು ಬಂತು, ಟಿಕೆಟ್ಟಿನ ನಂಬರು ಕಾಣದೆ ಒದ್ದಾಡಿ ಕನ್ನಡಕ ಮಾಡಿಸಿಕೊಂಡವನು ನಾನು. ಕ್ಲಾಸಿಗೆ ಬರುವವರಲ್ಲಿ ಜಾಸ್ತಿ ಜನ ನಲವತ್ತು ದಾಟಿದವರೇ. ಒಬ್ಬರ ಕಣ್ಣನ್ನಾದರೂ ಕೇಳಿದೆನಾ? ಆ ಗೋಣಿಚೀಲದ ಹಾಜರಿ ಪುಸ್ತಕಗಳಲ್ಲಿ ಎರಡು ತಿಂಗಳು ಬಂದು ಬಿಟ್ಟವರ ಹೆಸರುಗಳ ಮುಂದೆ ನನ್ನದೇ ಅಕ್ಷರದಲ್ಲಿ 'ಆಸಕ್ತಿ ಇಲ್ಲ' ಅಂತ ಇದೆ. ಮೊನ್ನೆ ರಾತ್ರಿ ಕೂತು ಎಣಿಸಲು ಹೋದೆ. ಒಂದು ಪುಸ್ತಕ ಮುಗಿಸಿ ಮುಚ್ಚಿಟ್ಟೆ.

ಈಗ ಜಂಟಿ ಆಸ್ತಿ ಪಟ್ಟಿ ಆಡಿಟರಿಗೆ ಹೋಗಬೇಕು. ಬೇಲೂರಿನ ಪಟ್ಟಿಯಲ್ಲಿ 'ಕನ್ನಡಕ 23' ಅಂತಿದೆ. ಆಡಿಟರು ಪೆನ್ನು ಇಟ್ಟು ಕೇಳಿದರು, 'ಇದನ್ನ ಎಲ್ಲಿ ಹಾಕಲಿ ಸಾರ್, ವೈದ್ಯಕೀಯಾನಾ, ಇತರೇನಾ?' ಸ್ಲೇಟು, ಬಳಪದ ಕೆಳಗೇ ಬರೆಯಿರಿ, ಬೋಧನಾ ಸಾಮಗ್ರಿ ಅಂದೆ. 22 ಅಂತ ತಿದ್ದಿ ಅಂತಲೂ ಹೇಳಿದೆ. ಒಂದು ಬಸ್ ಸ್ಟ್ಯಾಂಡಿನಲ್ಲಿದೆ.