ಬಿಳಿ ಪರದೆ ಮುಂದೆ ಸೋಮ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇಷ್ಟೇ ವ್ಯಾಪಾರ. ಹೋದ ವರ್ಷ ಒಂದು ಸಂಸ್ಥೆಯವರು, ಗ್ರಾಮದೇವತೆ ಮುಂದೆ ಮುಖವಾಡ ಹೊತ್ತು ಕುಣಿಯೋ ಸೋಮನ ಕುಣಿತದ ಬಗ್ಗೆ ಪುಸ್ತಕ ಮಾಡ್ತಿದ್ದೀವಿ, ಕಲಾವಿದರ ಫೋಟೋ ಬೇಕು ಅಂದರು. ತುರುವೇಕೆರೆ ಕಡೆಯಿಂದ ಎಂಟು ಜನ ಬಂದರು.

ನಾನು ಎಂದಿನಂತೆ ಬಿಳಿ ಪರದೆ ಇಳಿಬಿಟ್ಟೆ. ಒಬ್ಬೊಬ್ಬರಿಗೂ ಎದುರಿಂದ ಒಂದು, ಪಕ್ಕದಿಂದ ಒಂದು. "ನಗಬೇಡಿ, ಗದ್ದ ಸ್ವಲ್ಪ ಕೆಳಗೆ." ಆಮೇಲೆ ಸೋಮನ ಮುಖ. ದೊಡ್ಡ ಮರದ ಮುಖವಾಡ, ಒಂದೊಂದು ಕಣ್ಣೂ ನನ್ನ ಅಂಗೈ ಅಗಲ. ನೆಲದ ಮೇಲಿಟ್ಟು, ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಸ್ಕೇಲ್ ಇಟ್ಟೆ.

ಅವರಲ್ಲಿ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ ಹಾಸಿ, ಮುಖವಾಡ ಎತ್ತಿ ಅದರ ಮೇಲಿಟ್ಟರು. ಸ್ಕೇಲನ್ನು ನನ್ನ ಕೈಗೇ ಕೊಟ್ಟರು. "ಅಮ್ಮನ ಮುಂದೆ ಕುಣಿಯೋ ಸೋಮ ಕಣಪ್ಪಾ ಇದು. ಸ್ಟೇಷನ್ನಲ್ಲಿ ಕಳ್ಳರ ಫೋಟೋ ಹಿಡಿದಂಗೆ ಹಿಡೀತೀಯಲ್ಲ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮಗಳು ಬೆಂಗಳೂರಲ್ಲಿ ಚಿತ್ರಕಲೆ ಓದುತ್ತಾಳೆ. ರಾತ್ರಿ ಫೋನಲ್ಲಿ ಇದನ್ನು ಹೇಳಿದರೆ, ಪುಷ್ಪಮಾಲಾ ಎನ್. ಅನ್ನೋ ಕಲಾವಿದೆಯ ಕೆಲವು ಫೋಟೋ ಕಳಿಸಿದಳು. 2000ರಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ಸರಣಿ. ದಕ್ಷಿಣ ಭಾರತದ ಹೆಂಗಸರ ಹಳೇ ಚಿತ್ರಗಳಂತೆ ಪುಷ್ಪಮಾಲಾ ಅವರೇ ವೇಷ ಹಾಕಿ ನಿಂತಿದ್ದಾರೆ. ಒಂದರಲ್ಲಿ ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ಪೋರ್ಟ್‌ಮನ್ ಅನ್ನೋ ಅಧಿಕಾರಿ ಅಂಡಮಾನಿನ ಜನರನ್ನು ಅಂಥದೇ ಪರದೆ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದನಂತೆ, ಮೈ ಅಳತೆ ಸಿಗಲಿ ಅಂತ. 1857ರ ದಂಗೆ ಆದಮೇಲೆ ಇಲ್ಲಿನ ಜನರನ್ನು ಜಾತಿ, ಪಂಗಡ ಅಂತ ವಿಂಗಡಿಸಿ, 1868ರಿಂದ 1875ರೊಳಗೆ ಎಂಟು ಸಂಪುಟದ ಫೋಟೋ ಪುಸ್ತಕವನ್ನೇ ತಂದರು.

ಪುಷ್ಪಮಾಲಾ ಅವರ ಕಿಲಾಡಿತನ ನನಗೆ ಹಿಡಿಸಿತು. ಅಳೆಸಿಕೊಳ್ಳೋಳು ಅವರೇ, ಅಳತೆ ಮಾಡೋ ಆಟವನ್ನು ನಡೆಸೋರೂ ಅವರೇ. ಮೂವತ್ತು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೀನಿ, ಈ ಪೋಸು ಎಲ್ಲಿಂದ ಬಂತು ಅಂತ ಒಂದು ದಿನಾನೂ ಯೋಚಿಸಿರಲಿಲ್ಲ. ನನ್ನ ಗುರುಗಳು ಹೀಗೇ ನಿಲ್ಲಿಸುತ್ತಿದ್ದರು, ನಾನೂ ನಿಲ್ಲಿಸಿದೆ.

ಮುಂದಿನ ಭಾನುವಾರ ನಾನೇ ಅವರೂರಿಗೆ ಹೋದೆ. ಪೆಟ್ರೋಲ್ ಖರ್ಚು ನಂದೇ, ಹೆಂಡತಿ ಬೈದಳು. ಎಲ್ಲಿ ನಿಲ್ಲಬೇಕು, ಸೋಮನ್ನ ಎಲ್ಲಿ ಇಡಬೇಕು ಅಂತ ಅವರೇ ಹೇಳಿದರು. ಗುಡಿ ಜಗಲಿ ಮೇಲೆ, ಹೂವು ಮುಡಿಸಿ. ನಡುವೆ ಒಂದು ಮೇಕೆನೂ ಬಂತು, ಓಡಿಸಲಿಲ್ಲ.

ಸಂಸ್ಥೆಯವರು ಕೊನೆಗೆ ಬಿಳಿ ಪರದೆಯವನ್ನೇ ಆರಿಸಿಕೊಂಡರು. ನೋಡೋಕೆ ನೀಟಾಗಿರುತ್ತಂತೆ. ಫೋಟೋ ಕೆಳಗೆ ಬರೀ 'ಜಾನಪದ ಕಲಾವಿದ' ಅಂತ ಹಾಕೋದು ಬೇಡ, ಎಂಟೂ ಜನರ ಹೆಸರು ಹಾಕಿ ಅಂತ ಜಗಳ ಆಡಿದೆ. ಅಷ್ಟು ಆಯ್ತು.

ಜಗಲಿ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಹಿರಿಯರಿಗೆ ಕೊಟ್ಟೆ. ತುಂಬ ಹೊತ್ತು ನೋಡಿದರು. ಆಮೇಲೆ, "ಆ ಬಿಳಿ ಪರದೆದೂ ಒಂದು ಆರು ಕಾಪಿ ಕೊಡಪ್ಪ, ಮಾಸಾಶನದ ಅರ್ಜಿಗೆ ಅಂಟಿಸಬೇಕು" ಅಂದರು.