ಬಿರುಕಿಗೂ ಮೊದಲು ಬಿಗಿತವನ್ನು ನೋಡಬೇಕು: ಹಳೆಯ ಕಾರಿನ ಡ್ಯಾಶ್‌ಬೋರ್ಡ್ ದುರಸ್ತಿಯಲ್ಲಿ ಕಲಿತದ್ದು

ಹಳೆಯ ಕಾರುಗಳ ಒಳಭಾಗವನ್ನು ದುರಸ್ತಿ ಮಾಡುವುದು ನನ್ನ ವೃತ್ತಿ. ಡ್ಯಾಶ್‌ಬೋರ್ಡಿನಲ್ಲಿ ಒಂದೆರಡು ಬಿರುಕು ಕಂಡ ಮಾಲೀಕರು ಸಾಮಾನ್ಯವಾಗಿ ಕೇಳುವುದು ಒಂದೇ: ಅದನ್ನು ತುಂಬಿಸಿ, ಮೇಲೆ ಬಣ್ಣ ಹೊಡೆದು ಕೊಡಿ ಎಂದು. ಹಾಗೆ ಬೇರೆಲ್ಲೋ ತುಂಬಿಸಿಕೊಂಡು, ಮತ್ತೆ ಒಡೆದ ಮೇಲೆ ನಮ್ಮಲ್ಲಿಗೆ ಬರುವ ಡ್ಯಾಶ್‌ಬೋರ್ಡುಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಿಂದೆ ತುಂಬಿಸಿದ ಜಾಗ ಬಹಳಷ್ಟು ಸಲ ಗಟ್ಟಿಯಾಗಿಯೇ ಇರುತ್ತದೆ. ಹೊಸ ಬಿರುಕು ಅದರ ಪಕ್ಕದಲ್ಲೇ, ಅದಕ್ಕೆ ಅಂಟಿಕೊಂಡಂತೆ ಹರಿದಿರುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯವಾದ ವಿಷಯ ಇದರಲ್ಲೇ ಇದೆ.

ಹಳೆಯ ಕಾರುಗಳ ಮೆತ್ತನೆಯ ಡ್ಯಾಶ್‌ಬೋರ್ಡ್ ಮೂರು ಪದರಗಳಿಂದ ಆಗಿರುತ್ತದೆ. ತಳದಲ್ಲಿ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟು, ನಡುವೆ ಪಾಲಿಯುರೆಥೇನ್ ಫೋಮ್, ಮೇಲೆ ವಿನೈಲ್ ಚರ್ಮ. ಅಪಘಾತದಲ್ಲಿ ತಲೆಗೆ ಬೀಳುವ ಪೆಟ್ಟನ್ನು ತಗ್ಗಿಸಲು ಈ ರಚನೆ ಬಳಕೆಗೆ ಬಂದಿತು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಕಾರಿನ ಒಳಭಾಗದ ಸುರಕ್ಷತೆಯ ನಿಯಮ ಜಾರಿಯಾದಾಗ ಅಲ್ಲಿಗೆ ಹೋಗುವ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಿಗೆ ದಪ್ಪ ಮೆತ್ತೆಯ ಡ್ಯಾಶ್‌ಬೋರ್ಡ್ ಬಂದಿತು. ಬ್ರಿಟನ್ನಿನಲ್ಲಿ ಮಾರಾಟವಾಗುತ್ತಿದ್ದ ಅದೇ ಕಾರಿನಲ್ಲಿ ಸುಕ್ಕುಸುಕ್ಕಾದ ಕಪ್ಪು ಬಣ್ಣದ ಲೋಹದ ಫಲಕವೇ ಇನ್ನೂ ಕೆಲವು ವರ್ಷ ಮುಂದುವರಿಯಿತು. ಆದ್ದರಿಂದ ಒಂದೇ ಮಾದರಿಯ ಎರಡು ಕಾರುಗಳು ಬಂದರೂ ಎರಡಕ್ಕೂ ಒಂದೇ ಚಿಕಿತ್ಸೆ ಎಂದು ಹೇಳಲು ಬರುವುದಿಲ್ಲ.

ವಿನೈಲ್ ಎಂದು ನಾವು ಕರೆಯುವ ಪಿವಿಸಿ ಸ್ವಭಾವತಃ ಗಡುಸಾದ ವಸ್ತು. ಅದಕ್ಕೆ ಮೃದುತ್ವ ಬರುವುದು ತಯಾರಿಕೆಯ ಸಮಯದಲ್ಲಿ ಬೆರೆಸುವ ಪ್ಲಾಸ್ಟಿಸೈಸರ್‌ಗಳಿಂದ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಈ ದ್ರವ್ಯ ಸ್ವಲ್ಪಸ್ವಲ್ಪವಾಗಿ ಹೊರಬಂದು ಆವಿಯಾಗುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಎಷ್ಟು ಒರೆಸಿದರೂ ಮತ್ತೆ ಕೂರುವ ಜಿಡ್ಡಿನ ಮಬ್ಬಿಗೆ ಬಹುಮಟ್ಟಿಗೆ ಇದೇ ಕಾರಣ. ದ್ರವ್ಯ ಕಳೆದುಕೊಂಡ ಚರ್ಮ ಗಡುಸಾಗುವುದಷ್ಟೇ ಅಲ್ಲ, ಕುಗ್ಗುತ್ತದೆ. ಆದರೆ ಕೆಳಗಿನ ಚೌಕಟ್ಟು ಕುಗ್ಗುವುದಿಲ್ಲ. ಹೀಗಾಗಿ ಇಡೀ ಚರ್ಮ ಬಿಗಿದ ಚಂಡೆಯ ಹೊದಿಕೆಯಂತೆ ಎಳೆದುಕೊಂಡು ನಿಂತಿರುತ್ತದೆ, ಮತ್ತು ಆ ಎಳೆತ ಎಲ್ಲಿ ಕೇಂದ್ರೀಕರಿಸುತ್ತದೆಯೋ ಅಲ್ಲಿ ಹರಿಯುತ್ತದೆ: ಗಾಜಿನ ಬುಡದ ಗಾಳಿಕಿಂಡಿಗಳ ಮೂಲೆ, ಸ್ಪೀಕರ್ ಜಾಲರಿಯ ಅಂಚು, ಸ್ಕ್ರೂ ತೂತಿನ ಸುತ್ತ. ಹರಿದ ತುಟಿಗಳು ಮೇಲಕ್ಕೆ ಸುರುಳಿಕೊಳ್ಳುವುದು ಬಿಸಿಲು ತಿಂದ ಮೇಲ್ಮೈ ಒಳಮೈಗಿಂತ ಹೆಚ್ಚು ಕುಗ್ಗಿರುವುದರಿಂದ.

ಇಷ್ಟು ತಿಳಿದ ಮೇಲೆ ಗಡುಸಾದ ಪುಟ್ಟಿಯನ್ನು ಬಿರುಕಿಗೆ ಮೆತ್ತುವುದು ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ. ಎಳೆತ ಹಾಗೆಯೇ ಉಳಿದಿರುತ್ತದೆ, ಪುಟ್ಟಿ ಬಾಗುವುದಿಲ್ಲ, ಆದ್ದರಿಂದ ಪುಟ್ಟಿಯ ಅಂಚಿನಲ್ಲಿಯೇ ಮುಂದಿನ ಬಿರುಕು ಆರಂಭವಾಗುತ್ತದೆ. ನಾವು ಮೊದಲು ಮಾಡುವುದು ಬಿರುಕಿನ ಸುತ್ತ ಬೆರಳಿನಿಂದ ಒತ್ತುತ್ತಾ ಹೋಗಿ, ಚರ್ಮ ಫೋಮಿನಿಂದ ಎಲ್ಲಿಯವರೆಗೆ ಬಿಟ್ಟಿದೆ ಎಂಬುದನ್ನು ಗುರುತು ಹಾಕಿಕೊಳ್ಳುವುದು. ಕಣ್ಣಿಗೆ ಕಾಣುವ ಬಿರುಕಿಗಿಂತ ಈ ಗುರುತು ಯಾವಾಗಲೂ ದೊಡ್ಡದಿರುತ್ತದೆ. ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ದುಂಡನೆಯ ತೂತು ಕೊರೆಯುತ್ತೇವೆ. ಚೂಪಾದ ತುದಿಯಲ್ಲಿ ಸೇರುವ ಎಳೆತ ದುಂಡನೆಯ ಅಂಚಿನಲ್ಲಿ ಹಂಚಿಹೋಗುವುದರಿಂದ ಬಿರುಕು ಮುಂದೆ ಓಡುವುದಿಲ್ಲ. ಸುರುಳಿಕೊಂಡ ತುಟಿಗಳನ್ನು ಹರಿತವಾದ ಅಲಗಿನಿಂದ ಓರೆಯಾಗಿ ಕತ್ತರಿಸಿ ತೆಗೆದು, ಮುಟ್ಟಿದರೆ ಪುಡಿಯಾಗುವ ಫೋಮನ್ನು ಗಟ್ಟಿ ಪದರ ಸಿಗುವವರೆಗೂ ಕೆರೆದು ಹಾಕುತ್ತೇವೆ. ಆ ಗುಳಿಗೆ ಹೊಸ ಫೋಮ್ ತುಂಬಿ, ಸುತ್ತಲಿನ ಚರ್ಮಕ್ಕಿಂತ ತುಸು ತಗ್ಗಾಗಿ ಕತ್ತರಿಸಿ, ಅದರ ಮೇಲೆ ಒಣಗಿದ ನಂತರವೂ ಬಾಗುವ ಫಿಲ್ಲರನ್ನು (ಬಿರುಕು ತುಂಬುವ ಲೇಪವನ್ನು) ತೆಳುವಾದ ಪದರಗಳಲ್ಲಿ ಎಳೆಯುತ್ತೇವೆ.

ಕತ್ತರಿಸಿದ ಮೇಲೂ ಅಂಚು ತುಸು ಎದ್ದಿರುತ್ತದೆ. ಅದನ್ನು ಕೂರಿಸಲು ಬಿಸಿಗಾಳಿ ಊದುವ ಹೀಟ್ ಗನ್ ಬೇಕು, ಜೊತೆಗೆ ತಾಳ್ಮೆಯೂ ಬೇಕು. ಗನ್ನನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಲೇ ಇದ್ದು, ಚರ್ಮ ಒತ್ತಿದರೆ ಬಗ್ಗುವಷ್ಟು ಮೆತ್ತಗಾದ ಕೂಡಲೇ ಗನ್ ಸರಿಸಿ, ತಣ್ಣನೆಯ ಲೋಹದ ಚಪ್ಪಟೆ ತುಂಡಿನಿಂದ ಒತ್ತಿ, ಆರುವವರೆಗೂ ಕೈ ಎತ್ತದೆ ಹಿಡಿದಿರಬೇಕು. ಬಿಸಿ ಮಾಡುವಾಗ ಮೇಲ್ಮೈಯ ಮೇಲೆ ಕಣ್ಣಿರಬೇಕು: ಮಂಕಾಗಿದ್ದ ವಿನೈಲ್ ಹೊಳೆಯತೊಡಗಿತೆಂದರೆ ಅದರ ಮೇಲಿನ ತೊಗಲಿನ ಗೆರೆಗಳಂತಹ ಅಚ್ಚು ಕರಗುತ್ತಿದೆ ಎಂದೇ ಅರ್ಥ, ಮತ್ತು ಕರಗಿದ ಅಚ್ಚು ತಾನಾಗಿ ಮರಳುವುದಿಲ್ಲ.

ಎಲ್ಲ ಡ್ಯಾಶ್‌ಬೋರ್ಡನ್ನೂ ಹೀಗೆ ಉಳಿಸಲಾಗುವುದಿಲ್ಲ. ಉಗುರಿನಿಂದ ತಟ್ಟಿದರೆ ಇಡೀ ಚರ್ಮ ಗಡುಸು ಪ್ಲಾಸ್ಟಿಕ್ಕಿನಂತೆ ಸದ್ದು ಮಾಡುತ್ತಿದ್ದರೆ, ಒಂದು ಬಿರುಕನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದು ಕಡೆ ಹರಿಯುತ್ತದೆ. ಆಗ ಹಳೆಯ ಚರ್ಮವನ್ನು ಪೂರ್ತಿ ತೆಗೆದು ಹೊಸದನ್ನು ಹೊದಿಸುವುದೇ ಸರಿಯೆಂದು ಮಾಲೀಕರಿಗೆ ನೇರವಾಗಿ ಹೇಳುತ್ತೇನೆ. ಒಡೆದ ಡ್ಯಾಶ್‌ಬೋರ್ಡಿನ ಮೇಲೆ ಗಡುಸು ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಅಂಟಿಸಿಬಿಡುವ ಪದ್ಧತಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಮುಂದೆ ಯಾರಾದರೂ ಅದನ್ನು ಕೀಳಲು ಹೋದರೆ ಕೆಳಗೆ ಉಳಿದಿದ್ದ ಮೂಲ ಚರ್ಮವೂ ಅಂಟಿನ ಜೊತೆ ಕಿತ್ತುಬರುತ್ತದೆ.

ಫಿಲ್ಲರ್ ಮತ್ತು ಬಣ್ಣ ಹಿಡಿಯದಿರುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಮಾಲೀಕರು ಪ್ರೀತಿಯಿಂದಲೇ ವರ್ಷಗಳ ಕಾಲ ಬಳಿದ ಹೊಳಪು ದ್ರವ. ಅದರಲ್ಲಿನ ಸಿಲಿಕೋನ್ ಸಣ್ಣ ರಂಧ್ರಗಳಲ್ಲಿ ಉಳಿದುಕೊಂಡು, ಸಿಂಪಡಿಸಿದ ಬಣ್ಣವನ್ನು ದೂರ ತಳ್ಳಿ, ಮೇಲ್ಮೈಯಲ್ಲಿ ಮೀನಿನ ಕಣ್ಣಿನ ಆಕಾರದ ಗುಳಿಗಳನ್ನು ಮೂಡಿಸುತ್ತದೆ. ಉಪ್ಪುಕಾಗದ ಹಿಡಿಯುವ ಮೊದಲೇ ಇದನ್ನು ತೆಗೆಯಬೇಕು. ಉಜ್ಜಿದ ಮೇಲೆ ತೊಳೆಯಲು ಹೋದರೆ ಸಿಲಿಕೋನ್ ಉಜ್ಜಿದ ಗೀರುಗಳ ಒಳಗೆ ಸೇರಿಬಿಟ್ಟಿರುತ್ತದೆ. ಒಂದು ಬಟ್ಟೆಯಲ್ಲಿ ಜಿಡ್ಡು ತೆಗೆಯುವ ದ್ರಾವಕ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಬೇಕು, ಮತ್ತು ಬಟ್ಟೆಗಳನ್ನು ಆಗಾಗ ಬದಲಿಸಬೇಕು. ಒಂದೇ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಜಿಡ್ಡು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಉಜ್ಜಿದ ನಂತರ ಕಣ್ಣು ಮುಚ್ಚಿ, ದುರಸ್ತಿಯಾದ ಜಾಗಕ್ಕೆ ಅಡ್ಡಲಾಗಿ ಉಗುರನ್ನು ಎಳೆದರೆ ಅದು ಎಲ್ಲೂ ಸಿಕ್ಕಿಕೊಳ್ಳಬಾರದು. ಆದರೆ ಹೀಗೆ ನುಣುಪಾದ ಜಾಗ ಅಚ್ಚಿರುವ ವಿನೈಲಿನ ನಡುವೆ ಬೋಳಾಗಿ ಕಾಣುತ್ತದೆ. ಅದಕ್ಕಾಗಿ ಅದೇ ಡ್ಯಾಶ್‌ಬೋರ್ಡಿನ ಹಾಳಾಗದ ಭಾಗದ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದಿಟ್ಟುಕೊಂಡು, ಪೂರ್ತಿ ಗಟ್ಟಿಯಾಗದ ಕೊನೆಯ ಪದರದ ಮೇಲೆ ಒತ್ತುತ್ತೇವೆ. ಬೂದಿಬಟ್ಟಲಿನ ಹಿಂದೆ ಅಥವಾ ಮೀಟರಿನ ಚೌಕಟ್ಟಿನ ಅಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ. ಆದರೂ ನಾನು ಹೆಚ್ಚಾಗಿ ಹೊಂದಿಸುವುದು ಅದಕ್ಕಲ್ಲ, ಪಕ್ಕದ ಬಾಗಿಲು ಮತ್ತು ಸೀಟುಗಳು ಈಗ ತಲುಪಿರುವ ಬಣ್ಣಕ್ಕೆ. ಒಂದು ಭಾಗ ಮಾತ್ರ ಹೊಚ್ಚಹೊಸದಾಗಿ ಹೊಳೆದರೆ ಉಳಿದದ್ದೆಲ್ಲ ಕಳೆಗುಂದಿದಂತೆ ಕಾಣುತ್ತದೆ. ಹೊಳಪಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು: ಡ್ಯಾಶ್‌ಬೋರ್ಡಿನ ಮೇಲ್ಭಾಗ ಹೊಳೆಯುತ್ತಿದ್ದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು, ಚಾಲಕರಿಗೆ ರಸ್ತೆ ಮಸುಕಾಗುತ್ತದೆ.

ಮುಂದಿನ ಎರಡು ಸೀಟುಗಳ ನಡುವಿನ ಕನ್ಸೋಲಿನ ಕಥೆ ಬೇರೆ. ಅಲ್ಲಿ ಒಡೆಯುವುದು ಸಾಮಾನ್ಯವಾಗಿ ಸ್ಕ್ರೂ ಕೂರುವ ಗೂಟಗಳು, ಮತ್ತು ಕಾರಣ ಹಿಂದೆ ಯಾರೋ ಅತಿಯಾಗಿ ಬಿಗಿದದ್ದು. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಪ್ಲಾಸ್ಟಿಕ್ಕಿಗೆ ಸರಿದಾಡಲು ತುಸು ಜಾಗ ಬೇಕು. ದುರಸ್ತಿಗೆ ಮುನ್ನ ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕಾಗುತ್ತದೆ. ಕಾಣದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿ ಮುಟ್ಟಿಸಿದಾಗ ಮೇಲ್ಮೈ ಅಂಟಂಟಾದರೆ ಎಬಿಎಸ್ ಇರುವ ಸಂಭವ ಹೆಚ್ಚು; ಏನೂ ಆಗದೆ, ಕೆರೆದ ಸಣ್ಣ ಚೂರು ನೀರಿನಲ್ಲಿ ತೇಲಿದರೆ ಪಾಲಿಪ್ರೊಪಿಲೀನ್ ಇರಬಹುದು. ಎಬಿಎಸ್ ಆದರೆ ಅದೇ ಪ್ಲಾಸ್ಟಿಕ್ಕಿನ ತುಣುಕುಗಳನ್ನು ಅಸಿಟೋನಿನಲ್ಲಿ ಕರಗಿಸಿ ಹಿಟ್ಟಿನಂತೆ ಮಾಡಿಕೊಂಡು, ಒಳಗಡೆ ಜಾಲರಿ ಇಟ್ಟು, ಮುರಿದ ಗೂಟವನ್ನೇ ಮತ್ತೆ ಕಟ್ಟಬಹುದು. ಪಾಲಿಪ್ರೊಪಿಲೀನಿಗೆ ಈ ಹಿಟ್ಟು ಅಂಟುವುದೇ ಇಲ್ಲ, ಬಿಸಿಯಿಂದ ಬೆಸೆಯಬೇಕು. ಮರಳಿ ಜೋಡಿಸುವಾಗ ಚೌಕಟ್ಟಿನ ಸ್ಕ್ರೂ ತೂತನ್ನು ತುಸು ಅಗಲಿಸಿ, ಕೆಳಗೆ ಅಗಲವಾದ ವಾಷರ್ ಹಾಕುತ್ತೇನೆ.

ಮರದ ಹೊದಿಕೆಯ ಕಾರುಗಳಲ್ಲಿ, ಉದಾಹರಣೆಗೆ ಜೀಬ್ರಾನೊ ಮರದ ಪಟ್ಟಿಯಿರುವ ಮರ್ಸಿಡಿಸ್ ಡಬ್ಲ್ಯು123ರ ಕನ್ಸೋಲಿನಲ್ಲಿ, ಮೊದಲು ಸಾಯುವುದು ಮರವಲ್ಲ, ಅದರ ಮೇಲಿನ ಲ್ಯಾಕರ್ ಎಂಬ ಹೊಳಪಿನ ಲೇಪ. ಮರದ ಹೊದಿಕೆಯ ಪದರ, ಅಂದರೆ ವೆನೀರ್, ಒಂದು ಮಿಲಿಮೀಟರಿಗಿಂತಲೂ ತೆಳುವಾಗಿರುವುದರಿಂದ ಹಳೆಯ ಲ್ಯಾಕರನ್ನು ಉಜ್ಜಿ ತೆಗೆಯುವ ಬದಲು ರಾಸಾಯನಿಕದಿಂದ ಮೆದುಗೊಳಿಸಿ ಮರದ ಎಳೆಯ ಜಾಡಿನಲ್ಲೇ ಕೆರೆದು ತೆಗೆಯುವುದು ಲೇಸು.

ಕೆಲಸ ಮುಗಿದ ಡ್ಯಾಶ್‌ಬೋರ್ಡನ್ನು ಕೂರಿಸುವಾಗ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಟ್ಟಿರಬೇಕು. ಹಳೆಯ ಕನೆಕ್ಟರುಗಳು ವಿನೈಲಿನಂತೆಯೇ ಒಣಗಿ ಗಡುಸಾಗಿರುವುದರಿಂದ ಅವುಗಳನ್ನು ತಂತಿ ಹಿಡಿದು ಎಳೆಯಬಾರದು. ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಿಂದಷ್ಟೇ ತಿರುಗಿಸಿ, ಡ್ಯಾಶ್‌ಬೋರ್ಡ್ ತನ್ನ ಜಾಗದಲ್ಲಿ ಸರಿಯಾಗಿ ಕೂತ ಮೇಲೆ ನಡುವಿನಿಂದ ಅಂಚಿನ ಕಡೆಗೆ ಹದವಾಗಿ ಬಿಗಿಯುತ್ತಾ ಹೋಗುತ್ತೇವೆ. ಬಳಿಕ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಗಾಳಿಕಿಂಡಿಯ ಮೂಲೆಗಳಲ್ಲಿ ದುರಸ್ತಿಯ ಗೆರೆ ಮೇಲೇಳುತ್ತದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿಯೇ ಮಾಲೀಕರಿಗೆ ಒಪ್ಪಿಸುತ್ತೇವೆ. ಜೊತೆಗೆ ಯಾವ ಜಾಗದಲ್ಲಿ ಯಾವ ಫಿಲ್ಲರ್, ಯಾವ ಬಣ್ಣ ಬಳಸಿದೆವೆಂದು ಬರೆದ ಹಾಳೆಯನ್ನೂ ಕೊಡುತ್ತೇವೆ. ಮುಂದೆ ಅದೇ ಡ್ಯಾಶ್‌ಬೋರ್ಡನ್ನು ಬಿಚ್ಚುವವರಿಗೆ ಒಳಗೆ ಏನಿದೆ ಎಂಬುದು ಕತ್ತರಿಸುವ ಮೊದಲೇ ತಿಳಿದಿರಬೇಕು.